ಬೇಡ್ತಿ ಏರಿನಲ್ಲಿ ನಿಂತ ಕೆಂಪು ಗಾಡಿ

ಗಾಜು ಒಡೆಸಿಕೊಂಡ ಮೊದಲ ಗಾಡಿ ಯಲ್ಲಾಪುರದ ಅತೀಕನದು. ಬೆಳಿಗ್ಗೆ ಎದ್ದು ನೋಡಿದರೆ ಸೀಟಿನ ಮೇಲೆಲ್ಲ ಗಾಜಿನ ಚೂರು, ಮ್ಯೂಸಿಕ್ ಸಿಸ್ಟಮ್ ಇದ್ದ ಕಡೆ ಜೋತಾಡುವ ವಯರು. ಬಾನೆಟ್ ಎತ್ತಿದರೆ ಎಂಜಿನ್ನಿಗೆ ಬುದ್ಧಿ ಹೇಳುವ ಕಂಪ್ಯೂಟರ್ ಡಬ್ಬಿಯೂ ಮಾಯ. ಸ್ವಲ್ಪ ದಿನ ಬಿಟ್ಟು ಸಿದ್ದಾಪುರದ ಹಲ್ಲಿನ ಡಾಕ್ಟರ ಗಾಡಿಗೂ ಅದೇ ಗತಿಯಾಯಿತು. ಅದರ ಬೆನ್ನಿಗೇ ಬನವಾಸಿ ರಸ್ತೆಯ ಒಬ್ಬ ಗುತ್ತಿಗೆದಾರರ ಗಾಡಿಯ ನಾಲ್ಕೂ ಅಲಾಯ್ ಚಕ್ರ ಹೋಗಿ, ಗಾಡಿ ಇಟ್ಟಿಗೆಯ ಮೇಲೆ ಕೂತಿತ್ತು.

ಕಳ್ಳ ಸಾದಾ ಕಾರುಗಳನ್ನು ಮುಟ್ಟಿರಲಿಲ್ಲ. ಪಕ್ಕದಲ್ಲೇ ನಿಂತ ಹೊಚ್ಚ ಹೊಸ ಕಾರುಗಳನ್ನು ದಾಟಿ ಬಂದು, ಎಂಜಿನ್ನಿಗೆ ಹೆಚ್ಚು ಗಾಳಿ ನೂಕಿ ವೇಗ ಕೊಡುವ ಟರ್ಬೊ ಇದ್ದದ್ದು, ಸೈಲೆನ್ಸರ್ ಬದಲಿಸಿದ್ದು, ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಂಡದ್ದು, ಇಂಥವನ್ನೇ ಆರಿಸಿದ್ದ. ಯಾವ ಗಾಡಿಯಲ್ಲಿ ಏನಿದೆ, ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು. ಈ ಮೂರೂ ಗಾಡಿಗಳಿಗೆ ಕೆಲಸ ಮಾಡಿದ್ದ ಮೆಕ್ಯಾನಿಕ್ ಒಬ್ಬನೇ. ಶಿರಸಿಯ ಫೈಜಲ್.

‘ಮೂರು ತಾಲೂಕಿಗೆ ಹಲ್ಲಿನ ಡಾಕ್ಟರು ಒಬ್ಬನೇ ಇದ್ರೆ, ಬಿದ್ದ ಹಲ್ಲಿಗೆಲ್ಲ ಅವ್ನೇ ಕಾರಣ ಅಂದಂಗಾಯ್ತು ಇದು’ ಎಂದು ಫೈಜಲ್ ಎದುರಿನ ಚಹಾದಂಗಡಿಯ ಗೋವಿಂದನ ಹತ್ತಿರ ಹೇಳಿಕೊಂಡ. ಮಾತು ಚೆನ್ನಾಗಿತ್ತು. ಆದರೆ ಅದನ್ನು ಗೋವಿಂದನಿಗೆ ಹೇಳಿ ಉಪಯೋಗವಿರಲಿಲ್ಲ. ಗೋವಿಂದನ ಹತ್ತಿರ ಇದ್ದದ್ದು ಸೈಕಲ್ಲು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ವೇಗದ ಗಾಡಿಯವರಿಗೆ ಒಂದು ವಾಟ್ಸಾಪ್ ಗುಂಪಿತ್ತು, ‘ಘಟ್ಟದ ಟರ್ಬೊ’ ಅಂತ. ಗುಂಪಿನಲ್ಲಿ ಯಾರೂ ಫೈಜಲ್‌ನ ಹೆಸರು ಎತ್ತಲಿಲ್ಲ. ಆದರೆ ಮೊದಲು ಕೀಲಿ ಎಸೆದು ‘ಆದಾಗ ಫೋನ್ ಮಾಡು’ ಎಂದು ಹೋಗುತ್ತಿದ್ದವರು ಈಗ ಕೆಲಸ ಮುಗಿಯುವ ತನಕ ಗ್ಯಾರೇಜಿನ ಬೆಂಚಿನ ಮೇಲೆ ಕೂರತೊಡಗಿದರು. ಸಂಜೆಯಾದರೆ ಅರ್ಧ ಬಿಚ್ಚಿದ ಗಾಡಿಯನ್ನೇ ಜೋಡಿಸಿಕೊಡು ಎನ್ನತೊಡಗಿದರು. ಅತೀಕ್ ಫೈಜಲ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಐಟಿಐ ಓದಿದವನು. ಅವನು ಫೋನೇ ಎತ್ತಲಿಲ್ಲ.

ಫೈಜಲ್‌ನ ಅಪ್ಪ ಹನೀಫ್ ಸಾಹೇಬರಿಗೆ ಒಂದು ಪುಟ್ಟ ಗೂಡ್ಸ್ ಟೆಂಪೊ ಇತ್ತು. ಸಂತೆಗೆ ತರಕಾರಿ, ಮದುವೆಗೆ ಖುರ್ಚಿ, ಏನು ಸಿಕ್ಕರೂ ಹೇರುತ್ತಿದ್ದರು. ‘ಶಿರಸೀಲಿ ಇರೋ ರೇಸ್ ಗಾಡಿಗಿಂತ ಕಾಡಲ್ಲಿರೋ ಆನೆ ಜಾಸ್ತಿ’ ಎಂದು ಅವರು ಮೊದಲೇ ಹೇಳಿದ್ದರು. ಅವರಿಗೆ ಮಂಡಿ ನೋವು ಶುರುವಾಗಿತ್ತು. ರಮಜಾನ್ ತನಕ ನೋಡೋಣ, ಗ್ಯಾರೇಜು ನಡೆಯದಿದ್ದರೆ ಬಾಗಿಲು ಹಾಕಿ ಟೆಂಪೊ ಹಿಡಿ ಎಂದಿದ್ದರು. ಅದರಲ್ಲಿ ಬೆದರಿಕೆ ಏನೂ ಇರಲಿಲ್ಲ. ಮನೆಯಲ್ಲಿ ಯಾರಾದರೂ ಟೆಂಪೊ ಓಡಿಸಲೇಬೇಕಿತ್ತು, ಅಷ್ಟೆ. ರಮಜಾನ್ ದೂರ ಇರಲಿಲ್ಲ. ಗ್ಯಾರೇಜಿನಲ್ಲಿ ಆ ವಾರ ಇದ್ದದ್ದು ಒಂದೇ ಗಾಡಿ. ಹೇರೂರಿನ ಗಂಗಕ್ಕನದು.

ಗಂಗಕ್ಕ ‘ಘಟ್ಟದ ಟರ್ಬೊ’ದ ಅತಿ ಹಿರಿಯ ಸದಸ್ಯೆ. ಐವತ್ತು ದಾಟಿದ ಹೆಂಗಸು. ಅಡಿಕೆ, ಕಾಳುಮೆಣಸಿನ ವ್ಯವಹಾರವೆಲ್ಲ ಅವರದೇ. ಮೆಣಸಿಗೆ ಒಳ್ಳೆಯ ದರ ಬಂದ ವರ್ಷ, ಮನೆಯವರೆಲ್ಲ ದೊಡ್ಡ ಜೀಪು ತರೋಣ ಎನ್ನುತ್ತಿರುವಾಗ ಹುಬ್ಬಳ್ಳಿಗೆ ಹೋಗಿ ಈ ಕೆಂಪು ಟರ್ಬೊ ಗಾಡಿ ತಂದಿದ್ದರು. ದೇವಿಮನೆ ಘಟ್ಟದಲ್ಲಿ ಅವರ ಹಿಂದೆ ಬಿದ್ದ ಹುಡುಗರು ಎರಡು ತಿರುವು ಕಳೆಯುವುದರೊಳಗೆ ಬ್ರೇಕಿನ ಕೆಂಪು ದೀಪವನ್ನೂ ಕಾಣುತ್ತಿರಲಿಲ್ಲ. ‘ನಮ್ಮನೆಯವ್ರು ಈ ಗಾಡೀಲಿ ಕೂತ್ರೆ ಕಣ್ಣು ಮುಚ್ಚಿ ಸಹಸ್ರನಾಮ ಶುರು ಮಾಡ್ತಾರೆ. ಶಿರಸಿ ಮುಟ್ಟೂದ್ರೊಳಗೆ ಮುಗ್ದಿರ್ತದೆ’ ಎಂದು ಅವರೇ ನಗುತ್ತಿದ್ದರು. ಹಳೆಯ ಕ್ಲಚ್ಚು ಸುಟ್ಟಿತ್ತು. ಗಟ್ಟಿಯಾದದ್ದು ಹಾಕು ಎಂದಿದ್ದರು. ಫೈಜಲ್ ರೇಸಿನವರು ಹಾಕುವ ಕ್ಲಚ್ ಪ್ಲೇಟು ತರಿಸಿ ಹಾಕಿದ್ದ.

ಆ ಮಧ್ಯಾಹ್ನ ಅವನು ಗಾಡಿಯನ್ನು ಸೋಂದಾ ಕ್ರಾಸಿನ ತನಕ ಓಡಿಸಿ ತಂದ. ಯಲ್ಲಾಪುರ ರಸ್ತೆಗೆ ತಾಗಿಕೊಂಡೇ ಇದ್ದ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಎಂಜಿನ್ ಆಫ್ ಮಾಡಲಿಲ್ಲ. ಕೀಲಿ ಜೇಬಿನಲ್ಲಿತ್ತು, ಈ ಗಾಡಿಗೆ ಕೀಲಿ ತಿರುವುವ ಕೆಲಸವಿಲ್ಲ, ಹತ್ತಿರವಿದ್ದರೆ ಸಾಕು, ಗುಂಡಿ ಒತ್ತಿದರೆ ಚಾಲೂ. ಬಾಗಿಲು ಹಾಗೇ ಮುಚ್ಚಿ, ರಸ್ತೆ ದಾಟಿ ಗೋವಿಂದನಲ್ಲಿಗೆ ಚಹಾಕ್ಕೆ ಹೋದ.

ಇದು ಅವನೊಬ್ಬನ ಅಭ್ಯಾಸವಲ್ಲ. ಜೋರಾಗಿ ಓಡಿಸಿದ ಟರ್ಬೊ ಕೆಂಡದ ಹಾಗೆ ಕಾದಿರುತ್ತದೆ, ತಟ್ಟನೆ ಆಫ್ ಮಾಡಿದರೆ ಕೆಡುತ್ತದೆ, ಒಂದಷ್ಟು ಹೊತ್ತು ಸುಮ್ಮನೆ ಗುರುಗುಟ್ಟಲು ಬಿಡಬೇಕು. ಈಗಿನ ಗಾಡಿಗಳಿಗೆ ಅದೆಲ್ಲ ಬೇಡ ಎಂದು ಕಂಪನಿಯವರೇ ಹೇಳಿದರೂ ‘ಘಟ್ಟದ ಟರ್ಬೊ’ದವರು ಕೇಳುವವರಲ್ಲ. ಘಟ್ಟ ಹತ್ತಿ ಬಂದು ಗಾಡಿ ಸಾಲಾಗಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಮಾರು ದೂರದಲ್ಲಿ ಗುಂಪಾಗಿ ನಿಂತು ಚಹಾ ಕುಡಿಯುವುದು ಅವರಿಗೆ ನಮಾಜು, ಸಂಧ್ಯಾವಂದನೆ ಇದ್ದ ಹಾಗೆ. ಸಾವಿರಗಟ್ಟಲೆ ಕೊಟ್ಟು ಅಲಾರ್ಮ್ ಹಾಕಿಸಿಕೊಂಡವರೇ ಚಾಲೂ ಇದ್ದ ಗಾಡಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು.

ಒಂದು ಬೈಕು ಬಂತು. ಹಿಂದೆ ಕೂತಿದ್ದವ ಇಳಿದ. ಬೈಕು ಮುಂದೆ ಹೋಯಿತು. ಇಳಿದವ ಹೆಲ್ಮೆಟ್ ತೆಗೆಯದೆಯೇ ಕೆಂಪು ಗಾಡಿಯ ಬಾಗಿಲು ತೆಗೆದು ಒಳಗೆ ಕೂತ. ಫೈಜಲ್ ಲೋಟ ಹಿಡಿದುಕೊಂಡು ಇದನ್ನೆಲ್ಲ ನೋಡಿದ. ಯಾರೋ ಗುಂಪಿನ ಹುಡುಗ, ಸ್ಟೇರಿಂಗ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾನೆ ಅಂದುಕೊಂಡ. ಹಾಗೆ ಕೂರುವವರು ದಿನಾ ಇದ್ದರು.

ಗಾಡಿ ಒಮ್ಮೆ ಜಿಗಿಯಿತು. ಟೈರು ಕಿರುಚಿತು. ಗ್ಯಾರೇಜಿನ ಮುಂದಿನಿಂದ ರಸ್ತೆ ಇಳಿಜಾರು. ಆ ಇಳಿಜಾರೇ ಕಳ್ಳನನ್ನು ಕಾಪಾಡಿತು. ಕೆಂಪು ಗಾಡಿ ಯಲ್ಲಾಪುರದ ದಿಕ್ಕಿಗೆ ಓಡಿತು.

‘ಏ! ಏ! ಹಿಡಿರೋ!’ ಎಂದು ಕೂಗಿದವ ಗೋವಿಂದ. ಫೈಜಲ್ ಲೋಟ ಹಿಡಿದುಕೊಂಡೇ ರಸ್ತೆಗೆ ಇಳಿದ.

ಅದೇ ಹೊತ್ತಿಗೆ ಸರಿಯಾಗಿ ಒಂದು ಆಟೊ ಬಂದು ನಿಂತಿತು. ಕೈಚೀಲ ಹಿಡಿದುಕೊಂಡು ಗಂಗಕ್ಕ ಇಳಿದರು.

‘ಎಂತದಾ, ಆಯ್ತಾ ನನ್ನ ಗಾಡಿ?’

ಆಗ ಫೈಜಲ್‌ನ ನಾಲಿಗೆಯ ತುದಿಗೆ ಒಂದು ಸುಳ್ಳು ಬಂತು. ಟ್ರಯಲ್ಲಿಗೆ ಕಳಿಸಿದ್ದೇನೆ ಅಕ್ಕ, ನಾಳೆ ನಾನೇ ಮನೆಗೆ ತಂದುಕೊಡ್ತೆ. ಇಷ್ಟು ಹೇಳಿದರೆ ಒಂದು ರಾತ್ರಿಯ ಮಟ್ಟಿಗಾದರೂ ಬಚಾವು. ಆದರೆ ರಸ್ತೆಯ ನಡುವೆ ನಿಂತ ಗೋವಿಂದ ಇನ್ನೂ ಕೂಗುತ್ತಲೇ ಇದ್ದ.

‘ಹೋಯ್ತು ಅಕ್ಕ’ ಎಂದ. ‘ಈಗ. ಕಣ್ಣೆದುರಿಗೇ. ಟರ್ಬೊ ತಣಿಯಲಿ ಅಂತ ಚಾಲೂ ಬಿಟ್ಟಿದ್ದೆ. ಯಾರೋ ಕೂತು ಹೊಡ್ಕೊಂಡು ಹೋದ.’

ಗಂಗಕ್ಕ ಬೈಯಲಿಲ್ಲ. ಕೈಚೀಲದಿಂದ ಫೋನ್ ತೆಗೆದು ಬೆರಳಾಡಿಸಿದರು. ಗಾಡಿ ಎಲ್ಲಿದೆ ಅಂತ ತೋರಿಸುವ ಜಿಪಿಎಸ್ಸನ್ನು ಕಳೆದ ವರ್ಷವೇ ಹಾಕಿಸಿದ್ದರು.

‘ಎಲ್ಲೂ ಹೋಗ್ಲಿಲ್ವಲ. ಇಲ್ಲೇ ತೋರಿಸ್ತಾ ಅದೆ. ನಿನ್ನ ಗ್ಯಾರೇಜಿನೊಳಗೇ ಅದೆ.’

ಫೈಜಲ್ ಕೆಳಗೆ ನೋಡಿದ. ‘ಅದು ಆ ಮಷಿನ್ನು ಅಕ್ಕ. ವೈರಿಂಗ್ ಮಾಡೋವಾಗ ಬಿಚ್ಚಿಟ್ಟಿದ್ದೆ. ಬೆಂಚಿನ ಮೇಲದೆ.’

ಈಗ ಗಂಗಕ್ಕ ಬೈದರು. ಬೈಗುಳವನ್ನು ಅರ್ಧ ಹವ್ಯಕ ಮಾತಿನಲ್ಲಿ ಬೈದದ್ದರಿಂದ ಅವನಿಗೆ ಎಲ್ಲ ತಿಳಿಯಲಿಲ್ಲ. ತಿಳಿದಷ್ಟೇ ಸಾಕಿತ್ತು. ಬೈಯುತ್ತಲೇ 112ಕ್ಕೆ ಫೋನ್ ಹಚ್ಚಿ ಗಾಡಿಯ ನಂಬರು, ಬಣ್ಣ, ಹೋದ ದಿಕ್ಕು ಎಲ್ಲ ಸ್ಪಷ್ಟವಾಗಿ ಹೇಳಿದರು. ಆಮೇಲೆ ಕೈ ಚಾಚಿದರು.

‘ಕೀಲಿ ಎಲ್ಲಿ?’

ಅವನು ಜೇಬಿನಿಂದ ತೆಗೆದು ಕೊಟ್ಟ.

‘ಇದು ಇಲ್ಲಿದ್ರೆ ಗಾಡಿ ಹೆಂಗೆ ಹೋತು?’

‘ಒಂದ್ಸಲ ಚಾಲೂ ಆದ್ರೆ ಕೀಲಿ ದೂರ ಹೋದ್ರೂ ಎಂಜಿನ್ ನಿಲ್ಲೂದಿಲ್ಲ. ಘಟ್ಟದಲ್ಲಿ ನಡುವೆ ನಿಂತ್ರೆ ಅಪಾಯ ಅಂತ ಹಂಗೆ ಮಾಡಿರ್ತಾರೆ. ಆದ್ರೆ ಒಂದ್ಸಲ ಆಫ್ ಆದ್ರೆ...’

ಫೈಜಲ್ ಮಾತು ನಿಲ್ಲಿಸಿದ. ಗಂಗಕ್ಕನೂ ಅವನನ್ನೇ ನೋಡಿದರು.

‘ಆಫ್ ಆದ್ರೆ ಮತ್ತೆ ಚಾಲೂ ಆಗೂದಿಲ್ಲ’ ಎಂದು ಅವರೇ ಮುಗಿಸಿದರು. ‘ಅಂವ ಹುಬ್ಬಳ್ಳಿ ತನಕ ಆಫ್ ಮಾಡ್ದೇ ಹೋದ್ರೆ?’

‘ಮಾಡೂದೇ ಬೇಡ ಅಕ್ಕ. ತಾನೇ ಆಫ್ ಆಗ್ತದೆ. ನಿಮ್ಮ ಹೊಸ ಕ್ಲಚ್ಚು ರೇಸಿಂದು. ಮೆಲ್ಲಗೆ ಬಿಡೂಕೆ ಬರೂದೇ ಇಲ್ಲ, ಹಿಡಿದ್ರೆ ಒಂದೇ ಏಟಿಗೆ ಹಿಡೀತದೆ. ನಾನೇ ಬೆಳಿಗ್ಗೆ ಮೂರ್ನಾಲ್ಕು ಸಲ ಬಂದ್ ಬೀಳಿಸ್ದೆ. ಓಡ್ತಾ ಇದ್ರೆ ಅಡ್ಡಿಲ್ಲ. ಏರಿನಲ್ಲಿ ನಿಂತು ಮತ್ತೆ ಎತ್ತಬೇಕಂದ್ರೆ ಅವನ ಕೈಲಿ ಆಗೂದಲ್ಲ.’

‘ಏರಿನಲ್ಲಿ ಅವ ಯಾಕೆ ನಿಲ್ತ?’

ಉತ್ತರ ಗಂಗಕ್ಕನಿಗೇ ಹೊಳೆಯಿತು. ಗಾಡಿ ರಿಪೇರಿಗೆ ಬಿಟ್ಟಿದ್ದರಿಂದ ಅವರು ಆ ವಾರವೆಲ್ಲ ಬಸ್ಸಿನಲ್ಲಿ ತಿರುಗಾಡಿದ್ದರು.

‘ಬೇಡ್ತಿ ಸೇತುವೆ!’ ಎಂದರು. ‘ಅಲ್ಲಿ ರಸ್ತೆ ಕೆಲಸ ನಡೀತಾ ಅದೆ. ಸೇತುವೆ ದಾಟಿದ ಮೇಲೆ ಏರಿನಲ್ಲಿ ಒಂದೇ ಬದಿ ಬಿಡ್ತಾರೆ. ನಿನ್ನೆ ತಂಗಿ ಮನೆಯಿಂದ ಬರೋವಾಗ ನಮ್ಮ ಬಸ್ಸು ನಿಂತಿದ್ದು ನಿಂತಿದ್ದೇ. ನಡಿ!’

‘ಯಾವುದ್ರಲ್ಲಿ?’

ಗ್ಯಾರೇಜಿನ ಪಕ್ಕದಲ್ಲಿ ನಿಂತಿದ್ದದ್ದು ಹನೀಫ್ ಸಾಹೇಬರ ಟೆಂಪೊ ಒಂದೇ. ಹಿಂದೆ ಇನ್ನೂ ಒಂದಷ್ಟು ಬಾಡಿಗೆ ಖುರ್ಚಿಗಳಿದ್ದವು.

ಹೀಗೆ ಮೂರು ತಾಲೂಕಿನ ಅತಿ ವೇಗದ ಗಾಡಿಯನ್ನು ಹಿಡಿಯಲು ಅತಿ ನಿಧಾನದ ಗಾಡಿ ಹೊರಟಿತು. ಇಳಿಜಾರಿನಲ್ಲಿ ಕೂಡ ಅದು ಐವತ್ತು ದಾಟಲು ಒಪ್ಪಲಿಲ್ಲ. ಭೈರುಂಬೆ ದಾಟುವಾಗ ಒಂದು ಸ್ಕೂಟರು ಇವರನ್ನು ಹಿಂದೆ ಹಾಕಿ ಹೋಯಿತು. ಅದನ್ನು ಓಡಿಸುತ್ತಿದ್ದ ಹುಡುಗಿ ತಿರುಗಿ ಕೂಡ ನೋಡಲಿಲ್ಲ.

‘ಕಾಲು ಒತ್ತಾ’ ಎಂದರು ಗಂಗಕ್ಕ.

‘ಒತ್ತೇ ಇದ್ದೆ ಅಕ್ಕ. ಇಷ್ಟೇ ಇದು.’

‘ಎಲ್ಲರ ಗಾಡಿಗೂ ಶಕ್ತಿ ಏರಿಸ್ತೆ. ಅಪ್ಪಂದಕ್ಕೆ ಎಂತೂ ಮಾಡ್ಲಿಲ್ವಾ?’

ಅಷ್ಟರಲ್ಲಿ ಅವರ ಫೋನ್ ಬಡಿಯಿತು. ಮನೆಯಿಂದ. ‘ಎಂತೂ ಆಜಿಲ್ಲೆ’ ಎಂದರು ಗಂಗಕ್ಕ ತಣ್ಣಗೆ, ಏನೂ ಆಗೇ ಇಲ್ಲ ಎಂಬಂತೆ. ‘ಬಪ್ಲೆ ತಡ ಆಗ್ತು. ಊಟಕ್ಕೆ ಕಾಯಡಿ.’ ಫೋನ್ ಚೀಲಕ್ಕೆ ಹಾಕಿ, ‘ಹೇಳಿದ್ರೆ ಅವ್ರು ಖುಷಿ ಪಡ್ತಾರೆ, ಮಾರಾಯ. ಗಾಡಿ ಹೋದದ್ದಕ್ಕೆ ಹಣ್ಣುಕಾಯಿ ಮಾಡಿಸ್ತಾರೆ’ ಎಂದರು.

ಫೈಜಲ್‌ಗೆ ನಗು ಬರಲಿಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಯಾಗಿ ಹಿಡಿದಿದ್ದ. ಇವತ್ತು ಗಾಡಿ ಸಿಗದಿದ್ದರೆ ರಮಜಾನ್ ತನಕ ಕಾಯುವ ಕೆಲಸವೂ ಇಲ್ಲ, ನಾಳೆಯಿಂದಲೇ ಈ ಸ್ಟೇರಿಂಗ್ ತನ್ನದು. ಅಪ್ಪ ಒಂದು ಮಾತೂ ಆಡುವುದಿಲ್ಲ. ಬರೀ ಟೆಂಪೊದ ಕೀಲಿಯನ್ನು ಮೊಳೆಗೆ ಸಿಕ್ಕಿಸಿ, ಒಳಗೆ ಹೋಗಿ ಮಲಗುತ್ತಾರೆ.

‘ಅಕ್ಕ, ಒಂದು ಕೇಳ್ತೆ. ಆ ಮೂರು ಗಾಡಿ... ನಾನೇ ಅಂತ ನಿಮಗೂ ಅನ್ನಿಸಿತ್ತಾ?’

‘ಅನ್ನಿಸಿದ್ರೆ ನಿಂಗೆ ಗಾಡಿ ಕೊಡ್ತಿದ್ನಾ?’ ಎಂದರು ಗಂಗಕ್ಕ. ಒಂದು ತಿರುವು ಕಳೆದ ಮೇಲೆ, ‘ಸುಳ್ಳು ಯಾಕೆ? ಅನ್ನಿಸಿತ್ತು. ಒಂದಿನ ಇಡೀ ಅನ್ನಿಸಿತ್ತು. ಆಮೇಲೆ ಕ್ಲಚ್ಚು ಸುಟ್ಟ ವಾಸನೆ ಬಂತು. ಬೇರೆ ಎಲ್ಲಿಗೆ ಒಯ್ಯೂದು?’ ಎಂದರು.

ಅದು ಸಮಾಧಾನದ ಮಾತಾಗಿರಲಿಲ್ಲ. ಆದರೂ ಅದನ್ನು ಕೇಳಿದ ಮೇಲೆ ಫೈಜಲ್‌ಗೆ ಉಸಿರಾಡುವುದು ಸ್ವಲ್ಪ ಸುಲಭವಾಯಿತು. ಎರಡು ತಿಂಗಳಿಂದ ಎಲ್ಲರೂ ಮನಸ್ಸಿನಲ್ಲೇ ಅಂದುಕೊಂಡದ್ದನ್ನು ಒಬ್ಬರಾದರೂ ಬಾಯಿಬಿಟ್ಟು ಅಂದರಲ್ಲ.

ಬೇಡ್ತಿ ಸೇತುವೆ ದಾಟಿದ್ದೇ ವಾಹನಗಳ ಬಾಲ ಸಿಕ್ಕಿತು. ಲಾರಿ, ಬಸ್ಸು, ಒಂದು ಹಾಲಿನ ವ್ಯಾನು. ಏರಿನ ಅರ್ಧದಲ್ಲಿ, ಡಾಂಬರು ಕಿತ್ತ ಬದಿಗೆ, ಕೆಂಪು ಗಾಡಿ ನಿಂತಿತ್ತು. ನಾಲ್ಕೂ ಚಕ್ರಗಳ ಹಿಂದೆ ದೊಡ್ಡ ದೊಡ್ಡ ಕಲ್ಲು ಇಟ್ಟಿದ್ದರು. ಸುತ್ತ ರಸ್ತೆ ಕೆಲಸದ ಜನ ನಿಂತು ನೋಡುತ್ತಿದ್ದರು.

ಫೈಜಲ್ ಟೆಂಪೊ ಹೇಗೆ ನಿಲ್ಲಿಸಿದನೋ ಅವನಿಗೇ ಗೊತ್ತಿಲ್ಲ. ಓಡಿದ. ಬಂಪರು ನೋಡಿದ, ಚಕ್ರ ನೋಡಿದ, ಬಗ್ಗಿ ಅಡಿಯಲ್ಲಿ ಎಣ್ಣೆ ಸೋರಿದೆಯೇ ನೋಡಿದ. ಏನೂ ಆಗಿರಲಿಲ್ಲ.

‘ಹಾ, ಇಂವಾ ನೋಡ್ರಿ ಗಾಡಿಯ ಖರೇ ಮನಷ್ಯಾ’ ಎಂದಿತು ಒಂದು ದನಿ.

ತಲೆಯ ಮೇಲೆ ಹೆಲ್ಮೆಟ್, ಸೀರೆಯ ಮೇಲೆ ಹೊಳೆಯುವ ಅಂಗಿ, ಕೈಯಲ್ಲಿ ಕೆಂಪು ಬಾವುಟ. ಹೆಸರು ಗುರುಶಾಂತವ್ವ, ಹಾವೇರಿ ಕಡೆಯವಳು. ಏರಿನಲ್ಲಿ ವಾಹನ ನಿಲ್ಲಿಸುವ, ಬಿಡುವ ಕೆಲಸ ಅವಳದು.

‘ಬರ್ರಿ ಅಕ್ಕಾರ, ನಿಮ್ದೇನ್ರಿ ಗಾಡಿ? ನಾ ಬಾವುಟ ತೋರ್ಸಿದೆ, ಅಂವಾ ನಿಂತಾ. ಬಿಟ್ಟೆ, ಗಾಡಿ ಕಪ್ಪಿ ಜಿಗಿದಂಗ ಒಂದ್ ಸಲ ಜಿಗದು ಬಂದಾತು. ಹಿಂದ ಬಸ್ಸಿನಾಂವ ಹಾರನ್ ಹೊಡದಾ ಹೊಡದಾ. ಇಂವಾ ಒಳಗ ಕುಂತು ಗುಂಡಿ ಒತ್ತಾದು, ಒತ್ತಾದು. ಏನೂ ಇಲ್ಲ. ಗಾಡಿ ಹಿಂದಕ್ಕ ಸರಿಯಾಕ ಹತ್ತಿತು. ನಮ್ಮ ಮಂದಿ ಓಡಿಹೋಗಿ ಕಲ್ಲ ಕೊಟ್ರು.’

‘ಅಂವ ಕಳ್ಳ ಅಂತ ನಿಮಗೆ ಹೆಂಗೆ ಗೊತ್ತಾತು?’ ಎಂದರು ಗಂಗಕ್ಕ.

‘ಮಾಲಕ ಇದ್ರ ಇಳದು ಗಾಡಿಗೆ ಏನಾತಂತ ನೋಡ್ತಾನ್ರಿ. ಇಂವಾ ಇಳದು ನಮ್ಮ ಮುಖಾ ನೋಡಿದಾ. ಹೆಲ್ಮೆಟ್ ತಗದು ಯಾರಿಗೋ ಫೋನ್ ಹಚ್ಚಿದಾ. ಹಚ್ಚಿ ಏನಂದಾ ಗೊತ್ತೇನ್ರಿ? “ಆ ಗ್ಯಾರೇಜಿನಾಂವ ವಿಡಿಯೋದಾಗ ಕೀಲಿನ ಬೇಕಾಗಿಲ್ಲ, ಗುಂಡಿ ಒತ್ತಿದ್ರ ಸಾಕು ಅಂತ ತೋರ್ಸಿದ್ದಾ. ಇಲ್ಲಿ ಒತ್ತಿ ಒತ್ತಿ ಬೆರಳು ಹೋತು, ಆಗವಲ್ದು” ಅಂದಾ. ನನಗ ನಗಿ ತಡೀಲಿಲ್ರಿ. ನಾ ನಕ್ಕಿದ್ದ ನೋಡಿ ಕಾಡಿನಾಗ ಓಡಿದಾ.’

ಸುತ್ತ ನಿಂತವರೆಲ್ಲ ಮತ್ತೊಮ್ಮೆ ನಕ್ಕರು. ಗಂಗಕ್ಕನೂ ನಕ್ಕರು. ನಗುತ್ತ ನಗುತ್ತ ಫೈಜಲ್‌ನ ಕಡೆ ತಿರುಗಿದವರು ನಿಲ್ಲಿಸಿದರು.

ಅವನ ಮುಖ ಬಿಳುಚಿಕೊಂಡಿತ್ತು.

ಆ ವಿಡಿಯೊ ಅವನದೇ. ಪ್ರತಿ ಕೆಲಸ ಮುಗಿದ ಮೇಲೂ ಒಂದು ರೀಲ್ ಮಾಡಿ ಹಾಕುವುದು ಅವನ ಪದ್ಧತಿ. ಗಂಗಕ್ಕನ ಗಾಡಿಯದನ್ನು ಆ ಬೆಳಿಗ್ಗೆಯೇ ಹಾಕಿದ್ದ. ಟರ್ಬೊ ತಣಿಯಲು ಬಿಟ್ಟು, ಕೀಲಿ ಕೈಯಲ್ಲಿ ಆಡಿಸುತ್ತ ಗೋವಿಂದನ ಅಂಗಡಿಗೆ ನಡೆದು, ‘ನೋಡಿ, ಕೀಲಿ ನನ್ನ ಹತ್ರ, ಗಾಡಿ ಅಲ್ಲಿ ಚಾಲೂ’ ಎಂದು ಕ್ಯಾಮೆರಾಕ್ಕೆ ಕಣ್ಣು ಹೊಡೆದಿದ್ದ. ಅತೀಕನ ಗಾಡಿಯ ರೀಲಿನಲ್ಲಿ ಕಂಪ್ಯೂಟರ್ ಡಬ್ಬಿಯ ಮೇಲೆ ಬೆರಳಿಟ್ಟು, ಇದು ಇಲ್ಲಿ ಕೂರುತ್ತದೆ, ಇಷ್ಟು ಬೆಲೆ ಎಂದಿದ್ದ. ಹಿಂದೆ ಅತೀಕನ ಅಂಗಡಿ, ಅಂಗಡಿಯ ಮೇಲಿನ ಮನೆ, ರಸ್ತೆ ಎಲ್ಲ ಕಾಣುತ್ತಿತ್ತು. ಹಲ್ಲಿನ ಡಾಕ್ಟರ ಗೇಟು. ಗುತ್ತಿಗೆದಾರರ ಶೆಡ್ಡು. ಕಳ್ಳನಿಗೆ ಬೇಕಾದ್ದನ್ನೆಲ್ಲ ಅವನು ಸಂಗೀತ ಹಾಕಿ ಕೊಟ್ಟಿದ್ದ.

ಎರಡು ತಿಂಗಳಿಂದ ‘ನಾನಲ್ಲ, ನಾನಲ್ಲ’ ಎಂದು ಒಳಗೇ ಕೂಗಿಕೊಂಡಿದ್ದನಲ್ಲ, ಆ ಕೂಗು ಈಗ ಅರ್ಧಕ್ಕೇ ನಿಂತಿತು.

ಪೊಲೀಸ್ ಜೀಪು ಬಂತು. ರಸ್ತೆ ಕೆಲಸದ ನಾಗಪ್ಪ ಎಂಬವನು, ಗಾಡಿ ಚಂದ ಇದೆ ಅಂತ ತನ್ನ ಫೋನಿನಲ್ಲಿ ಅದರ ವಿಡಿಯೊ ತೆಗೆದುಕೊಂಡಿದ್ದ. ಅದರಲ್ಲಿ ಹೆಲ್ಮೆಟ್ ತೆಗೆದ ಕಳ್ಳನ ಮುಖವೂ ಚೆನ್ನಾಗಿಯೇ ಬಂದಿತ್ತು. ಜೀಪಿನ ಪೊಲೀಸರು ಅದನ್ನು ಎರಡು ಸಲ ನೋಡಿ, ಮೂರನೆಯ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂಡಗೋಡ ಕಡೆ ಹಳೇ ಕಾರಿನ ಸಾಮಾನು ಮಾರುವವನ ಹತ್ತಿರ ಇವನನ್ನು ಕಂಡಿದ್ದೇವೆ, ಹುಡುಕುವುದು ಕಷ್ಟವಲ್ಲ ಎಂದರು. ಹೇಳಿಕೆ ಕೊಡಲು ಯಲ್ಲಾಪುರಕ್ಕೆ ಬರಬೇಕು ಎಂದರು.

ಗಂಗಕ್ಕ ಗುರುಶಾಂತವ್ವನ ಕೈ ಹಿಡಿದು, ‘ಹೇರೂರಿಗೆ ಬಾ ಒಂದಿನ. ಈ ಗಾಡೀಲೇ ಕರ್ಕೊಂಡು ಹೋಗ್ತೆ’ ಎಂದರು.

‘ಬ್ಯಾಡ್ರಿ ಅಕ್ಕಾರ’ ಎಂದಳು ಗುರುಶಾಂತವ್ವ. ‘ಅದು ಮತ್ತ ಏರಿನಾಗ ನಿಂತ್ರ ಕಲ್ಲ ಕೊಡಾಕ ನಾನ ಇಳೀಬೇಕಾಗ್ತೈತಿ.’

ಆದರೆ ಗಾಡಿ ನಿಲ್ಲಲಿಲ್ಲ. ಗಂಗಕ್ಕ ಕೂತು, ಗುಂಡಿ ಒತ್ತಿ, ಎಡಗಾಲನ್ನು ಒಂದು ಕ್ಷಣ ಹಿಡಿದು ಬಿಟ್ಟರು. ಕೆಂಪು ಗಾಡಿ ಒಂದು ಸಣ್ಣ ಜರ್ಕೂ ಇಲ್ಲದೆ ಏರು ಹತ್ತಿತು. ಫೈಜಲ್ ಖುರ್ಚಿ ಗಡಗಡಿಸುವ ಟೆಂಪೊದಲ್ಲಿ ಹಿಂದೆ ಹೋದ.

ಯಲ್ಲಾಪುರದ ಠಾಣೆಯಿಂದ ಹೊರಗೆ ಬಂದಾಗ ಗಂಗಕ್ಕ ಕೇಳಿದರು, ‘ಗುಂಪಿಗೆ ಎಂತ ಹೇಳ್ತೆ?’

‘ಕಳ್ಳ ಯಾರು ಅಂತ ಗೊತ್ತಾಯ್ತು. ನಾನಲ್ಲ ಅಂತ ಎಲ್ಲರಿಗೂ ಗೊತ್ತಾಗ್ತದೆ.’

‘ಅಷ್ಟೇಯಾ?’

ಅವನು ಜೇಬಿನಲ್ಲಿ ಟೆಂಪೊದ ಕೀಲಿ ಹುಡುಕಿದ.

‘ಆ ಹೆಂಗಸು ಹೇಳಿದ್ದು ನಂಗೂ ಕೇಳ್ತು, ನಿಂಗೂ ಕೇಳ್ತು. ಗುಂಪಿನವರಿಗೆ ಕೇಳ್ಲಿಲ್ಲ’ ಎಂದರು ಗಂಗಕ್ಕ. ‘ನಾ ಯಾರ ಹತ್ರನೂ ಹೇಳೂಕೆ ಹೋಗೂದಿಲ್ಲ. ಅದು ನನ್ನ ಕೆಲಸ ಅಲ್ಲ. ನನ್ನ ಕೆಲಸ ಈಗ ಮನೆಗೆ ಹೋಗೂದು.’ ಕೂತು ಕಿಟಕಿ ಇಳಿಸಿ ಮತ್ತೆ, ‘ಆ ಜಿಪಿಎಸ್ಸು ನಾಳೆ ಬಂದು ಒಯ್ತೆ. ಬಿಲ್ಲಿಗೆ ಅದನ್ನ ಬಿಚ್ಚಿದ ಮಜೂರಿ ಹಾಕ್ಬೇಡ’ ಎಂದು ಹೊರಟೇಹೋದರು.

ರೀಲುಗಳನ್ನು ಅಳಿಸಿಹಾಕಿದರೆ ಆಯಿತು. ಅದಕ್ಕೆ ಎಷ್ಟು ಹೊತ್ತು ಬೇಕು? ಫೈಜಲ್ ಟೆಂಪೊದೊಳಗೆ ಕೂತು ಫೋನ್ ತೆಗೆದ. ಒಂದೊಂದನ್ನೇ ಅಳಿಸಿದ. ಅತೀಕನ ಗಾಡಿಯದು ಬಂದಾಗ ಬೆರಳು ನಿಂತಿತು. ಅದರಲ್ಲಿ ಅತೀಕ್ ಕೂಡ ಇದ್ದ, ಬಾನೆಟ್ಟಿನ ಮೇಲೆ ಕೈಯೂರಿ ಹಲ್ಲು ಕಿರಿಯುತ್ತ. ಗಾಜು ಒಡೆದ ಮೇಲೆ ಅವನು ಹೊಸ ಡಬ್ಬಿಯನ್ನೂ ಕೊಂಡಿರಲಿಲ್ಲ, ಬೇರೆ ಗ್ಯಾರೇಜಿಗೂ ಒಯ್ದಿರಲಿಲ್ಲ. ಗಾಡಿಗೆ ಟಾರ್ಪಾಲು ಹೊದೆಸಿ ಇಟ್ಟುಬಿಟ್ಟಿದ್ದಾನೆ ಎಂದು ಯಾರೋ ಹೇಳಿದ್ದರು.

ಫೈಜಲ್ ಟೆಂಪೊ ತಿರುಗಿಸಿದ. ಅತೀಕನ ಹಾರ್ಡ್‌ವೇರ್ ಅಂಗಡಿ ಪೇಟೆಯಲ್ಲೇ ಇತ್ತು.

ಅತೀಕ್ ಯಾರಿಗೋ ಪೈಪು ಅಳೆದು ಕೊಡುತ್ತಿದ್ದ. ತಲೆ ಎತ್ತಿ ನೋಡಿದ.

‘ಓಹೋ, ಇಂಜಿನಿಯರ್ ಸಾಹೇಬರು! ನನ್ನ ಡಬ್ಬಿ ತಂದ್ರಾ?’

‘ಡಬ್ಬಿ ಒಯ್ದವನು ಗೊತ್ತಾದ. ನಾನಲ್ಲ’ ಎಂದ ಫೈಜಲ್. ‘ಆದ್ರೆ ದಾರಿ ತೋರಿಸಿದ್ದು ನಾನೇ.’

ನಿಂತಲ್ಲೇ ಎಲ್ಲ ಹೇಳಿದ. ಚಾಲೂ ಬಿಟ್ಟದ್ದು, ಕ್ಲಚ್ಚು, ಬೇಡ್ತಿ ಏರು, ಗುರುಶಾಂತವ್ವ ಕೇಳಿಸಿಕೊಂಡ ಫೋನಿನ ಮಾತು. ಪೈಪಿನ ಗಿರಾಕಿಯೂ ನಿಂತು ಕೇಳಿದ. ಕೊನೆಗೆ ಅತೀಕ್ ಕೈ ಚಾಚಿದ. ‘ಕೊಡು ಇಲ್ಲಿ, ಆ ವಿಡಿಯೊ.’

ನೋಡಿದ. ಮತ್ತೊಮ್ಮೆ ನೋಡಿದ. ಅಂಗಡಿಯ ಬೋರ್ಡು ಕಾಣುವಲ್ಲಿ ನಿಲ್ಲಿಸಿದ.

‘ಬೋರ್ಡು ಬರೋ ಹಂಗೆ ತೆಗಿ, ಪುಕ್ಕಟೆ ಪ್ರಚಾರ ಆಗ್ತದೆ ಅಂದವ ಯಾರು?’

‘ನೀನು.’

‘ರೇಟು ಹೇಳು, ಯಲ್ಲಾಪುರದವ್ರು ಹೊಟ್ಟೆ ಉರ್ಕೊಳ್ಲಿ ಅಂದವ ಯಾರು?’

‘ಅದೂ ನೀನೇ. ಆದ್ರೂ ಹಾಕಿದವ ನಾನು.’

‘ಹೌದು, ಹಾಕಿದವ ನೀನು, ಗಧಾ’ ಎಂದ ಅತೀಕ್. ಸಿಟ್ಟು ಹಾಗೇ ಇತ್ತು. ಆದರೆ ಈಗ ಅದು ಎದುರಿಗೆ ನಿಂತು ಆಡುವ ಸಿಟ್ಟು. ‘ಎರಡು ತಿಂಗಳು ನಿನ್ನ ಕಳ್ಳ ಅಂದ್ಕೊಂಡೆ ನಾನು. ಅಮ್ಮಿ ದಿನಾ ಬೈತಾಳೆ, ಹನೀಫ್ ಭಾಯ್ ಮಗ ಅಂಥವ ಅಲ್ಲ ಅಂತ. ಗುಂಪಿಗೆ ಹೇಳಿದ್ಯಾ?’

‘ಇಲ್ಲ. ಮೊದ್ಲು ನಿಂಗೆ.’

‘ಹಂಗಾರೆ ಹೇಳು. ಈಗ. ನನ್ನೆದುರಿಗೆ.’

ಫೈಜಲ್ ಉಳಿದ ರೀಲುಗಳನ್ನೂ ಅಳಿಸಿ, ಫೋನಿಗೆ ಬಾಯಿ ಕೊಟ್ಟು ಹೇಳಿದ. ಬರೆದರೆ ಜಾಣತನ ಸೇರಿಕೊಳ್ಳುತ್ತದೆ ಅಂತ ದನಿಯಲ್ಲೇ ಕಳಿಸಿದ. ಗಂಗಕ್ಕನ ಗಾಡಿ ನನ್ನ ಕೈಯಿಂದ ಹೋಗಿತ್ತು, ಹೊಸ ರೇಸ್ ಕ್ಲಚ್ಚಿನಿಂದಾಗಿ ಏರಿನಲ್ಲಿ ನಿಂತು ಸಿಕ್ಕಿದೆ. ಕಳ್ಳ ಬೇರೆಯವನು, ಆದರೆ ನಿಮ್ಮ ಮನೆ, ನಿಮ್ಮ ಸಾಮಾನು ಅವನಿಗೆ ತೋರಿಸಿದ್ದು ನನ್ನ ರೀಲುಗಳು. ಎಲ್ಲ ಅಳಿಸಿದ್ದೇನೆ. ನೀವೂ ಹಾಕಿದ್ದರೆ ಅಳಿಸಿ. ಚಾಲೂ ಬಿಟ್ಟರೆ ಗಾಡಿಯೊಳಗೇ ಕೂತಿರಿ. ಮೂರು ಗಾಡಿಯವರಿಗೆ ನನ್ನಿಂದಾಗುವ ಕೆಲಸ ನಾನು ಮಾಡಿಕೊಡ್ತೇನೆ.

ಕಳಿಸಿದ ಮೇಲೆ ಇಬ್ಬರೂ ಫೋನ್ ನೋಡುತ್ತ ನಿಂತರು. ಬನವಾಸಿ ರಸ್ತೆಯ ಗುತ್ತಿಗೆದಾರರು ಒಂದು ಮಾತೂ ಇಲ್ಲದೆ ಗುಂಪು ಬಿಟ್ಟು ಹೋದರು. ಆಮೇಲೆ ಸಿದ್ದಾಪುರದ ಹಲ್ಲಿನ ಡಾಕ್ಟರು ಬರೆದರು: ‘ಆ ಕ್ಲಚ್ಚು ಯಾವ ಕಂಪನಿಯದು? ನನ್ನದಕ್ಕೂ ಸಿಗ್ತದಾ?’

ಅತೀಕ್ ಹೋ ಎಂದು ನಕ್ಕ. ‘ನೋಡು ಜನ! ಗಾಡಿಯೊಳಗಿನ ಸಾಮಾನೆಲ್ಲ ಹೋದ್ರೂ ಈ ಹುಚ್ಚು ಹೋಗೂದಿಲ್ಲ.’ ಆಮೇಲೆ ಒಬ್ಬೊಬ್ಬರೇ ಬರೆಯತೊಡಗಿದರು. ಬೈದವರಿದ್ದರು. ನಾನೂ ನಮ್ಮ ಗೇಟಿನ ಮುಂದೆ ನಿಂತು ಇಪ್ಪತ್ತು ಫೋಟೊ ಹಾಕಿದ್ದೇನೆ ಮಾರಾಯ ಎಂದವರೂ ಇದ್ದರು. ಗಂಗಕ್ಕ ಮಾತ್ರ ಏನೂ ಬರೆಯಲಿಲ್ಲ, ಗಾಡಿ ಓಡಿಸುತ್ತಿದ್ದರು.

ಗಿರಾಕಿಗೆ ಪೈಪು ಕಟ್ಟಿಕೊಟ್ಟು, ಅತೀಕ್ ಅಂಗಡಿಯ ಹಿಂಬದಿಗೆ ಹೋದ. ಫೈಜಲ್ ಕೂಡ ಹೋದ. ಟಾರ್ಪಾಲು ಎಳೆದಾಗ ಧೂಳು ಎದ್ದಿತು. ಕಿಟಕಿಗೆ ಇನ್ನೂ ರಟ್ಟು ಅಂಟಿಸಿಯೇ ಇತ್ತು.

‘ಗಾಡಿ ಶಿರಸಿಗೆ ಕಳಿಸೂದಿಲ್ಲ’ ಎಂದ ಅತೀಕ್. ‘ನಿನ್ನ ಗ್ಯಾರೇಜಿನ ಎದುರು ಗಾಡಿ ನಿಲ್ಲಿಸಿದ್ರೆ ಏನಾಗ್ತದೆ ಅಂತ ಈಗಷ್ಟೇ ಕೇಳ್ದೆ. ನೀನೇ ಇಲ್ಲಿ ಬಂದು ಮಾಡು. ನಾ ಎದುರಿಗೇ ಕೂತಿರ್ತೆ.’

‘ಡಬ್ಬಿ ಪೊಲೀಸರಿಗೆ ಸಿಕ್ರೆ ಸಿಕ್ತು. ಸಿಗದಿದ್ರೆ ಹೊಸದು ತರಿಸ್ಬೇಕು. ವಯರು ಎಷ್ಟು ಕೊಯ್ದಿದ್ದಾನೆ ಅಂತ ಮೊದ್ಲು ನೋಡ್ಬೇಕು. ಯಾವಾಗ ಬರ್ಲಿ?’

‘ಈಗ ಎಂತ ಕೆಲಸ ಅದೆ ನಿಂಗೆ?’

ಫೈಜಲ್ ಒಂದು ಗಳಿಗೆ ಅವನ ಮುಖ ನೋಡಿದ. ಅಲ್ಲಿ ಕ್ಷಮೆ ಗಿಮೆ ಏನೂ ಇರಲಿಲ್ಲ. ಎರಡು ತಿಂಗಳು ಗಾಡಿ ಓಡಿಸದೆ ಕೂತವನ ಅವಸರ ಇತ್ತು. ಫೈಜಲ್‌ಗೆ ಅಷ್ಟು ಸಾಕಿತ್ತು. ಟೆಂಪೊದ ಸೀಟಿನಡಿಯಿಂದ ಅಪ್ಪನ ಸ್ಪ್ಯಾನರ್ ಚೀಲ ತಂದ. ಅತೀಕ್ ಅಂಗಡಿಯೊಳಗಿಂದ ಒಂದು ಸ್ಟೂಲು ತಂದು, ಬಾನೆಟ್ಟಿನ ಎದುರಿಗೇ, ಬೆಳಕಿಗೆ ಅಡ್ಡವಾಗಿ ಹಾಕಿಕೊಂಡು ಕೂತ.

‘ಸರಿ ಆ ಕಡೆ. ವಯರು ಕಾಣೂದಿಲ್ಲ’ ಎಂದ ಫೈಜಲ್, ಬಗ್ಗಿದಲ್ಲಿಂದಲೇ.

ಅತೀಕ್ ಗೊಣಗುತ್ತ ಸ್ಟೂಲನ್ನು ಸ್ವಲ್ಪ ಸರಿಸಿದ.